ನೀರಾಕಿಯ ಕೊಡ

ಬಾಲ್ಯ ಎಂದರೆ ವಿಮಲಾಕ್ಷಿಗೆ ಮೊದಲು ನೆನಪಾಗುವುದು ಫೋಟೋ ತೊಳೆಯುವ ಹೈಪೋ ರಸಾಯನದ ವಾಸನೆ. ಗಂಗಾವತಿಯಲ್ಲಿ ಅವಳ ಅಪ್ಪನದೊಂದು ಫೋಟೋ ಸ್ಟುಡಿಯೋ ಇತ್ತು. ಅದರ ಹಿಂಬದಿಗೆ, ದಪ್ಪ ಕರಿ ಪರದೆಯ ಆಚೆ, ಚಿತ್ರ ತೊಳೆಯುವ ಕತ್ತಲೆ ಕೋಣೆ. ಒಳಗೆ ಒಂದೇ ಒಂದು ಕೆಂಪು ಬಲ್ಬು, ಸಾಲಾಗಿ ಇಟ್ಟ ಟ್ರೇಗಳು, ಮತ್ತು ಮೂಗಿನ ತುದಿಯನ್ನು ಚುರುಗುಟ್ಟಿಸುವ, ಹಳೆಯ ಸಿರ್ಕಾದಂಥ ಆ ಹುಳಿ ವಾಸನೆ. ಅಪ್ಪನ ಅಂಗಿಗೂ ಅದೇ, ಉಗುರಿಗೂ ಅದೇ, ಅಪ್ಪ ಸಂಜೆ ಕಟ್ಟಿಸಿಕೊಂಡು ಬರುತ್ತಿದ್ದ ಖಾರದ ಪೊಟ್ಟಣಕ್ಕೂ ಅದೇ. “ನಿಮ್ಮಪ್ಪ ಉಪ್ಪಿನಕಾಯಿ ಭರಣ್ಯಾಗ ಮಲಗಿ ಎದ್ದು ಬಂದಾನ ನೋಡು” ಎಂದು ಅಮ್ಮ ಚೇಷ್ಟೆ ಮಾಡುತ್ತಿದ್ದಳು.

ಬಿಳಿ ಕಾಗದವನ್ನು ನೀರಿನಲ್ಲಿ ಅಲ್ಲಾಡಿಸುತ್ತಿದ್ದಂತೆ ಅದರೊಳಗಿಂದ ಯಾರದೋ ಮುಖ ಮೆಲ್ಲಗೆ ಎದ್ದು ಬರುತ್ತಿತ್ತು. ಎಲ್ಲಿಂದ ಬಂತು ಎಂದು ಕೇಳಿದರೆ ಅಪ್ಪ ನಗುತ್ತಿದ್ದ. “ಎಲ್ಲಿಂದಲೂ ಬರಲಿಲ್ಲವ್ವ. ಬೆಳಕು ಬಿದ್ದಾಗಲೇ ಅದು ಬಂದು ಕುಂತಿತ್ತು. ನಾವು ಬಾ ಅಂತ ಕರೀಬೇಕು, ಅಷ್ಟ.” ಮದುವೆ ಫೋಟೋದಲ್ಲಿ ಮದುಮಗಳ ಮುಖ ತೀರ ಕಪ್ಪಾಗದಿರಲಿ ಎಂದು, ಬೆಳಕಿಗೂ ಕಾಗದಕ್ಕೂ ನಡುವೆ ಕೈ ಅಡ್ಡ ಹಿಡಿಯುವುದನ್ನು ಅವನು ಅವಳಿಗೆ ಕಲಿಸಿದ್ದ. ಅವಳ ಪುಟ್ಟ ಕೈಯನ್ನು ತನ್ನ ಅಂಗೈಯ ಕೆಳಗೆ ಇಟ್ಟುಕೊಂಡು, ಎರಡೂ ಕೈಗಳನ್ನು ಒಟ್ಟಿಗೆ ಆಡಿಸುತ್ತಿದ್ದ. “ನಿಲ್ಲಿಸಬ್ಯಾಡ. ಕೈ ನಿಂತ್ರ ಅಂಚು ಮೂಡತೈತಿ. ಯಾರಿಗೂ ಗೊತ್ತಾಗಬಾರದು, ಇಲ್ಲೊಂದು ಕೈ ಇತ್ತು ಅಂತ.”

ಆ ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಯಿತು. ವಿಮಲಾಕ್ಷಿ ಈಗ ಕಂಪ್ಲಿಯ ಹೊಳೆದಂಡೆಯಲ್ಲಿರುವ ಒಂದು ಸಣ್ಣ ಜನಪದ ವಸ್ತುಸಂಗ್ರಹಾಲಯದ ಛಾಯಾಚಿತ್ರ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ನಿವೃತ್ತಿಗೆ ಹತ್ತಿರ ಬಂದಿದ್ದಾಳೆ. ಅವಳ ಕೋಣೆಯ ನಡುವೆ ನಿಂತಿರುವ ಕ್ಯಾಮೆರಾವನ್ನು ಅಪ್ಪ ಕಂಡಿದ್ದರೆ ಹೊಸ ಹಿಟ್ಟಿನ ಗಿರಣಿ ಬಂತೆಂದುಕೊಳ್ಳುತ್ತಿದ್ದನೇನೋ. ಅಷ್ಟು ದೊಡ್ಡದು. ಅದನ್ನು ನೋಡಿಕೊಳ್ಳುವ ಇಂಜಿನಿಯರ್ ಇಲ್ಯಾಸ್, ಸಂಡೂರಿನವನು, ಅದಕ್ಕೆ ‘ಪದರಗಣ್ಣು’ ಎಂದು ಹೆಸರಿಟ್ಟಿದ್ದ.

ಪದರಗಣ್ಣು ವಸ್ತುವಿನ ಮೇಲ್ಮೈಯನ್ನಷ್ಟೇ ತೆಗೆಯುವುದಿಲ್ಲ, ಅದರ ಮೇಲೆ ವರ್ಷಗಟ್ಟಲೆ ಕುಳಿತ ಧೂಳು, ಎಣ್ಣೆ, ಹೊಗೆ ಎಲ್ಲವನ್ನೂ ಪದರ ಪದರವಾಗಿ ಓದುತ್ತದೆ. ಈರುಳ್ಳಿಯನ್ನು ಸುಲಿಯದೆಯೇ ಅದರ ಪೊರೆಗಳನ್ನು ಎಣಿಸಿದ ಹಾಗೆ. ತೊಗಲುಗೊಂಬೆಗಳ ವಿಷಯದಲ್ಲಂತೂ ಅದರ ಓದು ಬೆರಗು ಹುಟ್ಟಿಸುವಂಥದು. ಆಟದ ದಿನ ಗೊಂಬೆ ಹರಳೆಣ್ಣೆಯ ದೀಪದ ಮುಂದೆ ಕುಣಿಯುತ್ತದೆ, ಹೊಗೆ ಅದರ ಬೆನ್ನಿಗೆ ಹತ್ತುತ್ತದೆ. ಆಟ ಮುಗಿದ ಮೇಲೆ ಗೊಂಬೆ ಬುಟ್ಟಿ ಸೇರುತ್ತದೆ, ತೆಳ್ಳನೆ ಧೂಳು ಕೂರುತ್ತದೆ. ಮತ್ತೊಂದು ಆಟ, ಮತ್ತೊಂದು ಹೊಗೆಯ ಪದರ. ಗೊಂಬೆಯ ಕೋಲು ಹಿಡಿದ ಕೈ ಎಲ್ಲಿ ಅಡ್ಡ ಬಂತೋ ಅಲ್ಲಿ ಹೊಗೆ ಕೊಂಚ ತೆಳುವಾಗಿ ಕೂತಿರುತ್ತದೆ. ಆ ತೆಳುವನ್ನು ಹಿಡಿದು ಲೆಕ್ಕ ಹಾಕಿದರೆ ಕೈಯ ಆಕಾರ, ಅದರ ಚಲನೆ ತೆರೆಯ ಮೇಲೆ ಮೂಡುತ್ತದೆ. ಎಂದೋ ತೀರಿಕೊಂಡ ಕಲಾವಿದನ ಕೈ ಮತ್ತೆ ಗೊಂಬೆಯನ್ನು ಆಡಿಸುತ್ತದೆ. ಇದನ್ನು ಮೊದಲ ಸಲ ನೋಡಿದ ದಿನ ವಿಮಲಾಕ್ಷಿ ಮನೆಗೆ ಬಂದು ಗಂಡ ವೃಷಭೇಂದ್ರನಿಗೆ, “ನಮ್ಮಪ್ಪ ಹೇಳಿದ್ದು ಇದೇ ನೋಡ್ರಿ. ಬಾ ಅಂತ ಕರೀಬೇಕು, ಅಷ್ಟ” ಎಂದಿದ್ದಳು.

ಈ ಕ್ಯಾಮೆರಾ ಬಂದ ಮೇಲೆ ಹೊಸದೊಂದು ಕಾಯಿದೆಯೂ ಬಂದಿತ್ತು. ಯಾವುದಾದರೂ ವಸ್ತು ತೀರ ಜೀರ್ಣವಾಗಿ, ಅದರ ಪೂರ್ಣ ಚಿತ್ರ ದೊರೆತಿದ್ದರೆ, ಅದನ್ನು ಮಾಡಿ ಬಳಸಿದ ಮನೆತನದವರು ಕೇಳಿದಲ್ಲಿ ಹಿಂದಕ್ಕೆ ಕೊಡಬಹುದು. ಚಿತ್ರ ಅಪೂರ್ಣವಾಗಿದ್ದರೆ ಕೊಡುವಂತಿಲ್ಲ. ರಾಜಧಾನಿಯ ನೆಲಮಾಳಿಗೆಯಲ್ಲಿ, ಗಾಳಿ ಆಡದ ಪೆಟ್ಟಿಗೆಯೊಳಗೆ ಅದನ್ನು ಶಾಶ್ವತವಾಗಿ ಮುಚ್ಚಿಡಬೇಕು. ಪೂರ್ಣವೋ ಅಪೂರ್ಣವೋ ಎಂದು ಹೇಳುವುದು ಯಂತ್ರ. ತೆರೆಯ ಮೂಲೆಯಲ್ಲಿ ಒಂದು ಹಸಿರು ವೃತ್ತವಿದೆ, ಅದು ತುಂಬಬೇಕು.

ಸುಂಕಮ್ಮ ಬಂದದ್ದು ಆ ಕಾಯಿದೆಯ ಸುದ್ದಿ ಕೇಳಿಕೊಂಡೇ. ಎಪ್ಪತ್ತು ದಾಟಿದ ಹೆಂಗಸು, ತೆಳ್ಳಗೆ, ನೆಟ್ಟಗೆ. ಎಡಗೈ ಕಿರುಬೆರಳು ಹುಟ್ಟಿನಿಂದಲೇ ಅರ್ಧಕ್ಕೆ ನಿಂತಿತ್ತು. ಗೊಂಬೆ ಆಡಿಸುವ ಮನೆತನದಲ್ಲಿ ಉಳಿದವಳು ಅವಳೊಬ್ಬಳೇ; ಆಟ ನಿಂತ ಮೇಲೆ ಆ ಮನೆಯ ಗೊಂಬೆಗಳು ಈ ಸಂಗ್ರಹಾಲಯ ಸೇರಿದ್ದವು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, “ಅಮ್ಮಾರ, ನಮ್ಮ ನೀರಾಕಿ ಇಲ್ಲೇ ಅದಾಳಂತಲ್ರಿ. ಕರಕೊಂಡು ಹೋಗಾಕ ಬಂದೀನಿ” ಎಂದಳು, ಆಸ್ಪತ್ರೆಯಲ್ಲಿ ಮಲಗಿದವರನ್ನು ಕರೆದೊಯ್ಯಲು ಬಂದವಳ ಹಾಗೆ.

ನೀರಾಕಿ ಎಂದರೆ ತಲೆಯ ಮೇಲೆ ಕೊಡ ಹೊತ್ತ ಹೆಂಗಸಿನ ಗೊಂಬೆ. ಯಾವ ಕಥೆಯಲ್ಲೂ ಅವಳಿಗೆ ಮಾತಿಲ್ಲ. ಪರದೆಯ ಹಿಂದೆ ಒಂದು ದೃಶ್ಯದ ಗೊಂಬೆಗಳನ್ನು ತೆಗೆದು ಇನ್ನೊಂದರ ಗೊಂಬೆಗಳನ್ನು ಹೂಡುವ ತನಕ, ಜನ ಬೇಸರಪಡದಿರಲಿ ಎಂದು, ಈ ತುದಿಯಿಂದ ಆ ತುದಿಗೆ ಸೊಂಟ ಬಳುಕಿಸುತ್ತ ನಡೆದು ಹೋಗುವುದು ಅವಳ ಕೆಲಸ. ರಾಜನ ಕಥೆ ಇರಲಿ, ರಾಕ್ಷಸನ ಕಥೆ ಇರಲಿ, ನೀರಾಕಿ ಬಂದೇ ಬರುತ್ತಿದ್ದಳು. ಜನ ಸಿಳ್ಳೆ ಹಾಕುತ್ತಿದ್ದರು. ಆದರೆ ಅವಳು ಕೊಡ ಇಳಿಸಿದ್ದನ್ನು ಯಾರೂ ಕಂಡಿರಲಿಲ್ಲ.

ಈಗ ಅವಳ ಕತ್ತು ಹರಿದಿತ್ತು. ತೊಗಲು ಒಣಗಿದ ಎಲೆಯಂತೆ ಮುರುಟಿಕೊಂಡಿತ್ತು. ಹಾಗೆ ಹರಿದ ಗೊಂಬೆಯನ್ನು ಇಟ್ಟುಕೊಳ್ಳಬಾರದು, ಹೊಳೆಗೆ ಬಿಟ್ಟು, ದಂಡೆಯ ಮೇಲೆ ಅಡುಗೆ ಮಾಡಿ ಎಡೆ ಹಿಡಿಯಬೇಕು ಎನ್ನುವುದು ಸುಂಕಮ್ಮನ ಮನೆತನದ ನಡೆ. ಆಗ ಹೇಳುವ ಹಾಡು ಗೊತ್ತಿರುವುದು ಅವಳೊಬ್ಬಳಿಗೇ.

“ಬರೋ ಸೋಮವಾರ ರಾಜಧಾನಿಯಿಂದ ಗಾಡಿ ಬರ್ತದ. ಅಷ್ಟರೊಳಗ ಚಿತ್ರ ಪೂರ್ಣ ಆದ್ರ ನೀರಾಕಿ ನಿಮ್ಮಾಕಿ. ಇಲ್ಲಂದ್ರ ಗಾಡಿ ಹತ್ತತಾಳ” ಎಂದು ವಿಮಲಾಕ್ಷಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

“ಪೆಟ್ಟಿಗ್ಯಾಗ ಇಡತಾರಂತ ಹೌದೇನ್ರಿ? ಗಾಳಿನೂ ಆಡಾಂಗಿಲ್ಲಂತ?”

“ಹೌದು.”

ಸುಂಕಮ್ಮ ತಲೆಯ ಸೆರಗು ಸರಿಮಾಡಿಕೊಂಡಳು. “ನೀರು ಹೊರಾಕಿನ್ನ ನೀರಿಲ್ಲದ ಕಡೆ ಇಡಬ್ಯಾಡ್ರಿ” ಎಂದಳು, ಅಷ್ಟೇ.

ಅವಳ ಊರಿಗೆ ಹೋಗಿ ಬರಲು ಎರಡು ಬಸ್ಸು ಬದಲಾಯಿಸಬೇಕು. ಹಾಗಾಗಿ ವಿಮಲಾಕ್ಷಿ ಅವಳನ್ನು ತನ್ನ ಮನೆಗೇ ಕರೆದುಕೊಂಡು ಬಂದಳು. ವೃಷಭೇಂದ್ರ ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ಅಡುಗೆಮನೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿದ್ದ. ಅತಿಥಿ ಬಂದರೆಂದು ಬದನೆಕಾಯಿ ಎಣಗಾಯಿ ಮಾಡಿ, ಬಿಸಿ ರೊಟ್ಟಿ ಬಡಿದು ತಂದಿಟ್ಟ. ಸುಂಕಮ್ಮ ತಟ್ಟೆಗೆ ಕೈ ಮುಗಿದು ಹಿಂದೆ ಸರಿಸಿದಳು.

“ತಪ್ಪು ತಿಳಕೋಬ್ಯಾಡ್ರಿ ಅಣ್ಣಾರ. ಕರಕೊಂಡು ಹೋಗಾಕ ಅಂತ ಬಂದ ಮ್ಯಾಲೆ, ಆಕಿನ್ನ ಹೊಳಿಗೆ ಕಳಿಸೋತನಕ ಒಲಿ ಮ್ಯಾಲಿಂದು ಉಣ್ಣಾಂಗಿಲ್ಲ. ಮನ್ಯಾಗ ಒಬ್ರು ಹೊರಟು ನಿಂತಾಗ ಬಿಸಿ ರೊಟ್ಟಿ ಗಂಟಲಾಗ ಹೆಂಗ ಇಳೀತೈತಿ ಹೇಳ್ರಿ.”

ಗಂಟಿನಿಂದ ಅವಲಕ್ಕಿ ತೆಗೆದು, ಮಜ್ಜಿಗೆ ಬೇಡಿ, ನೆನೆಸಿ ತಿಂದಳು. ವೃಷಭೇಂದ್ರ ಒಳಗೆ ಬಂದು, “ನನ್ನ ರೊಟ್ಟಿ ನೋಡೇ ಹೆದರಿದಳು ಅಂತೀನಿ” ಎಂದು ಹೆಂಡತಿಯ ಕಿವಿಯಲ್ಲಿ ಗೊಣಗಿದ. ಆದರೆ ಮರುದಿನ ಬೆಳಗ್ಗೆ ಎದ್ದವನೇ ಅಂಗಡಿಗೆ ಹೋಗಿ ತೆಳು ಅವಲಕ್ಕಿ, ಬಾಳೆಹಣ್ಣು ತಂದು, ಅವಳ ಗಂಟಿನ ಪಕ್ಕದಲ್ಲಿಟ್ಟ. ಅಂದಿನಿಂದ ಅವನೂ ಸಂಜೆ ಒಗ್ಗರಣೆ ಹಾಕುವುದನ್ನು ನಿಲ್ಲಿಸಿದ. ಹಸಿದವರ ಮುಂದೆ ಘಮಘಮ ಮಾಡುವುದು ಸರಿಯಲ್ಲ ಎಂದು ಅವನ ಲೆಕ್ಕ.

ಇತ್ತ ಕ್ಯಾಮೆರಾ ಹಟ ಹಿಡಿಯಿತು. ನೀರಾಕಿಯನ್ನು ಗಾಜಿನ ಮೇಜಿನ ಮೇಲೆ ಮಲಗಿಸಿ ಪದರಗಣ್ಣಿಗೆ ಒಡ್ಡಿದರೆ ಮೇಲಿನ ಪದರಗಳು ಚೆನ್ನಾಗಿ ಬಂದವು. ಕೆಳಗಿಳಿದಂತೆ ಆಡಿಸುವವರ ಮಣಿಕಟ್ಟಿನ ಹತ್ತಿರ ಮಬ್ಬು ಮೋಡ. ಒಂದು ಕಡೆ ಮೋಡ ಹೋಗಿ ಕೈ ಸ್ಪಷ್ಟವಾಗುತ್ತದೆ, ಇನ್ನಷ್ಟು ಕೆಳಗೆ ಮತ್ತೆ ಮೋಡ. ಹಸಿರು ವೃತ್ತ ಮುಕ್ಕಾಲು ತುಂಬಿ ನಿಂತುಬಿಡುತ್ತಿತ್ತು.

“ಕೊಳಿ ಇದು ಮೇಡಂ” ಎಂದ ಇಲ್ಯಾಸ್, ಕನ್ನಡಕ ಹಣೆಗೇರಿಸಿ. “ಎಣ್ಣಿ ಚೆಲ್ಲಿರಬೇಕು. ಮೋಡ ಇದ್ದ ಭಾಗ ಪೂರ್ತಿ ಅಳಸಿ ನೋಡಿದೆ, ಆಗ ವೃತ್ತ ಇನ್ನೂ ಕಡಿಮಿ ಆಗತದ. ಇಟ್ರೂ ಕಷ್ಟ, ತೆಗೆದ್ರೂ ಕಷ್ಟ. ನಮ್ಮ ಮಾವನ ಕಡೆಯವರ ಹಂಗ.”

ಶನಿವಾರದ ಹೊತ್ತಿಗೆ ಅವನ ಮುಖದಲ್ಲಿ ಹಾಸ್ಯ ಉಳಿದಿರಲಿಲ್ಲ. ನಿರ್ದೇಶಕರಿಗೆ ಫೋನ್ ಮಾಡಿ ಇನ್ನೊಂದು ವಾರ ಸಿಗಬಹುದೇ ಎಂದು ಕೇಳಿದ್ದಾಯಿತು. ಗಾಡಿ ಹೊರಟಾಗಿದೆ, ಬೇರೆ ಊರುಗಳ ವಸ್ತುಗಳನ್ನೂ ತುಂಬಿಕೊಂಡು ಬರುತ್ತಿದೆ, ನಿಲ್ಲಿಸಲು ಬರುವುದಿಲ್ಲ ಎಂದರು. ಅವರ ದನಿಯಲ್ಲೂ ಬೇಸರವಿತ್ತು.

ಅಂದು ಸಂಜೆ ವಿಮಲಾಕ್ಷಿ ಮನೆಗೆ ಬಂದಾಗ ಅಡುಗೆಮನೆಯ ಪಡುವಣ ಕಿಟಕಿಯಿಂದ ಬಿಸಿಲು ಓರೆಯಾಗಿ ಬಿದ್ದು, ಎದುರು ಗೋಡೆ ಹೊನ್ನಿನ ಪರದೆಯಂತಾಗಿತ್ತು. ಸುಂಕಮ್ಮ ನೆಲದ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಹೇಳಬೇಕಾದದ್ದನ್ನು ಹೇಗೆ ಹೇಳಲಿ ಎಂದು ತಿಳಿಯದೆ ವಿಮಲಾಕ್ಷಿ ಬೇರೇನೋ ಕೇಳಿದಳು.

“ಸುಂಕಮ್ಮ, ನೀರಾಕಿ ಹೆಂಗ ನಡೀತಿದ್ಲು?”

ಸುಂಕಮ್ಮನ ಮುಖ ಅರಳಿತು. ಎದ್ದು, ಗೂಟಕ್ಕೆ ತೂಗುಹಾಕಿದ್ದ ಸೌಟನ್ನು ತೆಗೆದು ವಿಮಲಾಕ್ಷಿಯ ಕೈಗೆ ಕೊಟ್ಟಳು. “ಹಿಡೀರಿ. ಹಂಗಲ್ಲ, ಸಡಿಲ ಬಿಡ್ರಿ.” ಎಂದವಳೇ ಹಿಂದೆ ನಿಂತು, ತನ್ನ ಕೈಯನ್ನು ಅವಳ ಕೈಯ ಮೇಲಿಟ್ಟು ಸೌಟನ್ನು ಗೋಡೆಯುದ್ದಕ್ಕೂ ನಡೆಸತೊಡಗಿದಳು. ಸೌಟಿನ ನೆರಳು ಸೊಂಟ ಬಳುಕಿಸಿತು, ತಡೆದು ನಿಂತಿತು, ತಿರುಗಿ ನೋಡಿತು. ಬಾಗಿಲಲ್ಲಿ ನಿಂತಿದ್ದ ವೃಷಭೇಂದ್ರ, “ನಮ್ಮನಿ ಸೌಟು ಇಷ್ಟು ಚೆಲುವಿ ಅಂತ ಗೊತ್ತಿರಲಿಲ್ಲ ಬಿಡು” ಎಂದ.

“ನಮ್ಮಾಗ ಹಿಂಗ ಕಲಸೋದ್ರಿ” ಎಂದಳು ಸುಂಕಮ್ಮ. “ಬಾಯಿಲೆ ಹೇಳಿದ್ರ ಇದು ಬರಾಂಗಿಲ್ಲ. ಉಳಿದ ಗೊಂಬಿ ದೊಡ್ಡೋರು ಆಡಸ್ತಾರ. ನೀರಾಕಿಗೆ ಮಾತಿಲ್ಲಲ್ಲ, ಬರೇ ನಡಿಗಿ. ಅದಕ್ಕ ಹುಡುಗ್ರ ಕೈ ಮೊದಲು ಹಚ್ಚಸೋದು ಆಕಿಗೇನ. ಆಟ ನಡದಾಗನ, ದೀಪದ ಮುಂದನ. ಕೈ ಮ್ಯಾಲೆ ಕೈ ಇಟ್ಟು.”

ವಿಮಲಾಕ್ಷಿ ಗೋಡೆಯನ್ನೇ ನೋಡುತ್ತಿದ್ದಳು. ಸೌಟಿನ ನೆರಳು ಸ್ಪಷ್ಟವಾಗಿತ್ತು. ಆದರೆ ಹಿಡಿಯ ಹತ್ತಿರ, ಒಂದರ ಮೇಲೊಂದು ಇದ್ದ ಎರಡು ಕೈಗಳ ನೆರಳು ಕಲೆತು, ಒಂದಕ್ಕೊಂದು ಕೂದಲೆಳೆಯಷ್ಟು ಹಿಂದೆ ಮುಂದೆ ಆಗುತ್ತ, ಮಬ್ಬು ಮೋಡವಾಗಿತ್ತು. ಮೂಗಿಗೆ ಎಲ್ಲಿಂದಲೋ ಆ ಹುಳಿ ವಾಸನೆ ಬಡಿಯಿತು. ಎದುರಿಗಿದ್ದ ಹುಣಸೆಹಣ್ಣಿನದಿರಬೇಕು.

“ನಿಮಗ ಯಾರು ಕಲಿಸಿದ್ರು?” ಎಂದು ಮೆಲ್ಲಗೆ ಕೇಳಿದಳು.

“ನಮ್ಮ ದೊಡ್ಡವ್ವ. ನಮ್ಮವ್ವ ಮೊದಲು ನೀರಾಕಿನ್ನ ಆಡಸ್ತಿದ್ಲಂತ. ನಾನಿನ್ನಾ ಅಂಬೆಗಾಲಿಡೋ ಕೂಸು, ಆಗ ಹೋದ್ಲು. ಎದಿ ಬ್ಯಾನಿ ಇತ್ತಂತ, ಕೂಸಿಗೆ ಹತ್ತೀತು ಅಂತ ನನ್ನ ಆಕಿ ಹತ್ರ ಬಿಡತಿರಲಿಲ್ಲಂತ.” ಸೌಟನ್ನು ಮತ್ತೆ ಗೂಟಕ್ಕೆ ಸಿಕ್ಕಿಸಿದಳು. “ಒಂದು ಫೋಟೋನೂ ಇಲ್ರಿ. ಆಕಿ ನನ್ನ ಮುಟ್ಟಿದ್ಲೋ ಇಲ್ಲೋ, ಅದೂ ಗೊತ್ತಿಲ್ಲ. ಕೇಳಾಕ ಯಾರೂ ಉಳದಿಲ್ಲ.”

ಭಾನುವಾರ ರಜೆ. ಆದರೂ ಇಲ್ಯಾಸ್ ಬಂದ. ವಿಮಲಾಕ್ಷಿ ಹೇಳಿದ್ದನ್ನು ಕೇಳಿ ತೆರೆಯ ಮೇಲಿನ ಮೋಡವನ್ನು ಹಿಗ್ಗಿಸಿ ನೋಡಿದ. ನಂತರ, “ಒಂದು ಗೊಂಬಿಗೆ ಒಂದು ಕೈ ಅಂತ ಯಂತ್ರಕ್ಕ ನಾನ ಹೇಳಿಕೊಟ್ಟೀನಿ ಮೇಡಂ. ಎರಡನೇ ಕೈ ಕಂಡ್ರ ಅದು ಕೊಳಿ ಅಂತ ಅಳಸಾಕ ಹೋಗತದ” ಎಂದ. “ಎರಡು ಕೈ ಇರಬಹುದು ಅಂತ ಯಾಕ ಹೊಳಿಲಿಲ್ಲ ನನಗ? ನಮ್ಮ ಅಬ್ಬಾ ನನಗ ಸೈಕಲ್ ಕಲಿಸಿದ್ದೂ ಹಂಗನ.”

“ನನಗ ಹೊಳೀಬೇಕಿತ್ತು” ಎಂದಳು ವಿಮಲಾಕ್ಷಿ. “ಇರಲಿ, ಈಗ ಬಿಡಿಸು.”

ಮಧ್ಯಾಹ್ನದ ತನಕ ಅವನು ಯಂತ್ರಕ್ಕೆ ಹೊಸ ಪಾಠ ಹೇಳಿದ. ಒಂದು ಕೈ ಮುಂದೆ ನಡೆಸುತ್ತದೆ, ಇನ್ನೊಂದು ಒಂದು ಚಣ ತಡೆದು ಅನುಸರಿಸುತ್ತದೆ. ಆ ತಡವನ್ನೇ ಹಿಡಿದು ಎರಡನ್ನೂ ಬೇರ್ಪಡಿಸಬೇಕು. ಪದರಗಳು ಒಂದೊಂದಾಗಿ ತಿಳಿಯಾಗತೊಡಗಿದವು. ಹಸಿರು ವೃತ್ತ ಅಂಗುಲ ಅಂಗುಲವಾಗಿ ಮೇಲೇರಿತು. ಕೆಳಗಿನ ಪದರಗಳಲ್ಲಿ ಒಬ್ಬ ಹೆಂಗಸಿನ ಕೈ, ಮಣಿಕಟ್ಟಿನ ತುಂಬ ಬಳೆಗಳು. ಸಂಜೆಯ ಮೇಲೆ ಸಂಜೆ ಅವಳೊಬ್ಬಳೇ ಆಡಿಸಿದ್ದಾಳೆ. ಬರಬರುತ್ತ ಬಳೆಗಳು ಮಣಿಕಟ್ಟಿನಿಂದ ಹಿಂದೆ ಹಿಂದೆ ಜಾರಿವೆ. ಕೈ ಸೊರಗಿದೆ. ಕೊನೆಯ ಕೆಲವು ಆಟಗಳಲ್ಲಿ ಮತ್ತೆ ಆ ಮೋಡ. ಆಮೇಲೆ ಬಳೆಯ ಕೈ ಇಲ್ಲವೇ ಇಲ್ಲ. ಬೇರೊಬ್ಬರ ಅಗಲ ಕೈ ಶುರುವಾಗುತ್ತದೆ.

ಇಲ್ಯಾಸ್ ಆ ಮೋಡವನ್ನು ಬಿಡಿಸಿದ. ನೋಡಿ, ಕುರ್ಚಿಯಿಂದ ಎದ್ದು ನಿಂತ. “ಅವ್ವನ್ನ ಕರೀರಿ ಮೇಡಂ” ಎಂದ.

ಸುಂಕಮ್ಮ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದಳು. ಒಳಗೆ ಬಂದು ಕುರ್ಚಿಯ ಅಂಚಿಗೆ ಕುಳಿತಳು. ತೆರೆಯ ಮೇಲೆ ನೀರಾಕಿ ನಡೆಯುತ್ತಿದ್ದಳು, ಕತ್ತು ಹರಿಯದ, ಬಣ್ಣ ಮಾಸದ ನೀರಾಕಿ. ಅವಳ ಹಿಂದೆ, ಹೊಗೆಯಿಂದ ಎದ್ದು ಬಂದ ಸೊರಗಿದ ಬಳೆಗೈ. ಆ ಕೈಯ ಕೆಳಗೆ, ಕೋಲಿಗೆ ಆತುಕೊಂಡು, ಒಂದು ಕೂಸಿನ ಎಡಗೈ. ಆ ಕೈಗೆ ಕೋಲು ಹಿಡಿಯಲು ಇನ್ನೂ ಬಾರದು. ದೊಡ್ಡ ಕೈ ಒಂದೊಂದೇ ಪುಟ್ಟ ಬೆರಳನ್ನು ಮಡಿಸಿ ಕೋಲಿಗೆ ಸುತ್ತಿಸುತ್ತಿತ್ತು. ಹೆಬ್ಬೆರಳು, ತೋರುಬೆರಳು, ಆಮೇಲೆ ಉಳಿದವು. ಕಿರುಬೆರಳಿಗೆ ಬಂದಾಗ ಅದು ಕೋಲನ್ನು ಸುತ್ತಲಿಲ್ಲ, ಅರ್ಧಕ್ಕೆ ನಿಂತಿತ್ತು. ದೊಡ್ಡ ಕೈ ಅಲ್ಲಿ ಕ್ಷಣಕಾಲ ತಡೆಯಿತು. ಆ ಅರ್ಧ ಬೆರಳಿನ ಮೇಲೆ ತನ್ನ ಬೆರಳನ್ನಿಟ್ಟು, ಒಮ್ಮೆ ಸವರಿ, ಮತ್ತೆ ಗೊಂಬೆಯನ್ನು ನಡೆಸತೊಡಗಿತು.

ಸುಂಕಮ್ಮ ತನ್ನ ಎಡಗೈಯನ್ನು ಮಡಿಲಲ್ಲಿಟ್ಟು ನೋಡಿಕೊಂಡಳು. ತೆರೆಯನ್ನು ನೋಡಿದಳು. ಮತ್ತೆ ಕೈ ನೋಡಿಕೊಂಡಳು.

“ಮುಟ್ಟ್ಯಾಳ” ಎಂದಳು. ಅರ್ಧ ಕಿರುಬೆರಳನ್ನು ಸವರಿಕೊಳ್ಳುತ್ತ ಮತ್ತೆ, “ಮುಟ್ಟ್ಯಾಳ ಬಿಡ್ರಿ.”

ಇಲ್ಯಾಸ್ ಕನ್ನಡಕ ಒರೆಸುವ ನೆಪದಲ್ಲಿ ಕಿಟಕಿಯ ಕಡೆ ತಿರುಗಿದ. ಮೂಲೆಯ ವೃತ್ತ ಪೂರ್ತಿ ಹಸಿರಾಗಿತ್ತು. ಯಾರೂ ಅದನ್ನು ನೋಡುತ್ತಿರಲಿಲ್ಲ.

ಸ್ವಲ್ಪ ಸಮಯದ ನಂತರ ವಿಮಲಾಕ್ಷಿ ಗೊಂಬೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಸುಂಕಮ್ಮನ ಮಡಿಲಿಗೆ ಕೊಟ್ಟಳು. ಆದರೆ ಅವಳ ಮನಸ್ಸು ತಡೆಯುತ್ತಿತ್ತು. ಆ ತೊಗಲಿನ ಬೆನ್ನ ಮೇಲೆ ಈಗಲೂ ಆ ಹೊಗೆ ಇದೆ. ತೆರೆಯ ಮೇಲಿನದು ಎಷ್ಟೇ ಪೂರ್ಣವಾದರೂ ನೆರಳು. ಇದು ಆ ತಾಯಿಯ ಉಸಿರು ತಾಗಿದ ತೊಗಲು.

ಅದನ್ನೇ ಇಲ್ಯಾಸ್ ಬಾಯಿಬಿಟ್ಟು ಕೇಳಿದ. “ಅವ್ವಾ, ಈಗೂ ಹೊಳಿಗೆ ಬಿಡತೀರೇನು? ಕಾಯಿದೆ ಪ್ರಕಾರ ಈಗ ಇದು ನಿಮ್ಮದು. ಮನ್ಯಾಗ ಇಟ್ಟುಕೊಂಡ್ರ ಯಾರೂ ಬ್ಯಾಡ ಅನ್ನಾಂಗಿಲ್ಲ. ನಿಮ್ಮ ಅವ್ವನ ಕೈ ಅದ ಅದರಾಗ.”

ಸುಂಕಮ್ಮ ಬಟ್ಟೆ ಸರಿಸಿ ನೀರಾಕಿಯ ಮುರುಟಿದ ಕೆನ್ನೆಯನ್ನು ಬೆರಳ ತುದಿಯಿಂದ ಮುಟ್ಟಿದಳು.

“ಅದಕ್ಕನಪ್ಪ ಬಿಡಬೇಕು. ಅಷ್ಟು ಜಡ್ಡಿದ್ರೂ ನಮ್ಮವ್ವ ಇದನ್ನ ಹೊತ್ಲು. ನಮ್ಮ ದೊಡ್ಡವ್ವ ಹೊತ್ಲು. ನಾ ಹೊತ್ತೆ. ಬಾಳ ದಣದಾಳ ಆಕಿ. ಕೊಡ ಇಳಸ್ಲಿ.” ತೆರೆಯ ಕಡೆ ಕೈ ತೋರಿಸಿದಳು. “ನನಗ ಬೇಕಾಗಿದ್ದು ನಾ ನೋಡಿದೆ. ಅದು ಇಲ್ಲಿ ಇರಲಿ. ಯಾರರ ಸಣ್ಣ ಹುಡುಗ್ರು ಬಂದ್ರ ತೋರಸ್ರಿ. ಕೈ ಹೆಂಗ ಹಿಡಸೋದಂತ.”

ಸೋಮವಾರ ಬೆಳಗ್ಗೆ ರಾಜಧಾನಿಯ ಗಾಡಿ ಬಂದು, ಇಲ್ಲಿಂದ ಏನೂ ಇಲ್ಲವೆಂದು ತಿಳಿದು, ಹೊಸಪೇಟೆಯ ದಾರಿ ಹಿಡಿಯಿತು. ಅದೇ ಹೊತ್ತಿಗೆ ಹೊಳೆದಂಡೆಯ ಮೇಲೆ ಮೂರು ಕಲ್ಲು ಹೂಡಿ ಸುಂಕಮ್ಮ ಅನ್ನ ಇಟ್ಟಿದ್ದಳು. ಕಟ್ಟಿಗೆ ಆರಿಸಿ ತಂದವನು ವೃಷಭೇಂದ್ರ. ಊದುಗೊಳವೆ ಊದಿ ಊದಿ ಅವನ ಕಣ್ಣುಗಳು ಕೆಂಪಾಗಿದ್ದವು. “ಬ್ಯಾಂಕಿನ್ಯಾಗ ಇಷ್ಟು ಹೊಗೆ ಕುಡಿದಿರಲಿಲ್ಲ ನಾ” ಎಂದು ಇಲ್ಯಾಸನಿಗೆ ಹೇಳುತ್ತಿದ್ದ.

ಸುಂಕಮ್ಮ ಸೀರೆ ಎತ್ತಿ ಸಿಕ್ಕಿಸಿ ಮೊಣಕಾಲುದ್ದದ ನೀರಿಗಿಳಿದಳು. ಹಾಡು ದಂಡೆಯ ಮೇಲಿದ್ದ ಮೂವರಿಗೆ ಅರ್ಥವಾಗುವ ಭಾಷೆಯದಾಗಿರಲಿಲ್ಲ. ಜೋಗುಳದ ಹಾಗೆ ತೂಗುತ್ತಿತ್ತು. ಹಾಡುತ್ತಲೇ ನೀರಾಕಿಯನ್ನು ನೀರಿನ ಮೇಲೆ ಈ ಕಡೆಯಿಂದ ಆ ಕಡೆಗೆ ಒಂದು ಸಲ ನಡೆಸಿದಳು. ಕೊನೆಗೆ ಗೊಂಬೆಯನ್ನು ಮುಂದಕ್ಕೆ ಬಾಗಿಸಿದಳು. ಮೊದಲು ಕೊಡ ನೀರಿಗೆ ತಾಗಿತು, ತುಂಬಿದ ಹಾಗೆ ಮುಳುಗಿತು. ಆಮೇಲೆ ತಲೆ, ಸೊಂಟ. ಬಣ್ಣದ ಒಂದು ಎಳೆ ನೀರಿನಲ್ಲಿ ಬಿಚ್ಚಿಕೊಂಡು ಸ್ವಲ್ಪ ದೂರ ಹೋಗಿ ಕರಗಿತು.

ಎಡೆ ಹಿಡಿದು ಮುಗಿದ ಮೇಲೆ ಅವಳು ಮುತ್ತುಗದ ಎಲೆಗಳನ್ನು ಹರವಿ ಅನ್ನ, ತೊಗರಿಬೇಳೆ, ಪುಂಡಿಪಲ್ಯೆ ಬಡಿಸತೊಡಗಿದಳು. ಈ ಅನ್ನ ಮನೆಯವರಿಗೆ ಮಾತ್ರ ಎಂದು ಹಿಂದೊಮ್ಮೆ ಅವಳೇ ಹೇಳಿದ್ದು ನೆನಪಿದ್ದುದರಿಂದ ವಿಮಲಾಕ್ಷಿ ಎದ್ದು, ಚಪ್ಪಲಿ ಮೆಟ್ಟಿಕೊಂಡು, ದೂರದ ಬಂಡೆಯ ಹತ್ತಿರ ಹೋಗಿ ನಿಂತಳು. ಗಂಡನಿಗೂ ಇಲ್ಯಾಸನಿಗೂ ಬನ್ನಿ ಎಂದು ಸನ್ನೆ ಮಾಡಿದಳು.

ಹಿಂದಿನಿಂದ ಹೆಜ್ಜೆಯ ಸಪ್ಪಳವಾಯಿತು.

“ತಂಗಿ” ಎಂದಳು ಸುಂಕಮ್ಮ.

ಇಷ್ಟು ದಿನದಲ್ಲಿ ಅವಳು ವಿಮಲಾಕ್ಷಿಯನ್ನು ಅಮ್ಮಾರ ಎಂದಲ್ಲದೆ ಬೇರೆ ಏನೂ ಕರೆದಿರಲಿಲ್ಲ. ಹಬೆಯಾಡುವ ಎಲೆಯನ್ನು ವಿಮಲಾಕ್ಷಿಯ ಕೈಗಿಟ್ಟಳು. ಎಲೆ ತೆಳ್ಳಗಿತ್ತು, ಅನ್ನ ಸುಡುತ್ತಿತ್ತು. ಅದು ಗೊತ್ತಿದ್ದವಳಂತೆ, ವಿಮಲಾಕ್ಷಿ ಬಂಡೆಯ ಮೇಲೆ ಸರಿಯಾಗಿ ಕೂರುವ ತನಕ, ಸುಂಕಮ್ಮ ಎಲೆಗೂ ಅವಳ ಅಂಗೈಗೂ ನಡುವೆ ತನ್ನ ಕೈಯನ್ನು ಹಿಡಿದೇ ಇದ್ದಳು.